ಗಾಳದ ಕೋಲಿಗೊಂದು ಹೊಸ ಹಿಡಿ

ಗಾಳ ಹಾಕುವವರಿಗೆ ಕೋಲಿನ ತುದಿಯ ಮೇಲೆ ಇರುವಷ್ಟು ಗಮನ ಬುಡದ ಮೇಲೆ ಇರುವುದಿಲ್ಲ. ತುದಿ ಎಷ್ಟು ಬಗ್ಗುತ್ತದೆ, ರೀಲ್ ಸಲೀಸಾಗಿ ತಿರುಗುತ್ತದಾ, ದಾರ ಎಷ್ಟು ಕಿಲೋ ತಡೆಯುತ್ತದೆ, ಕೊಕ್ಕೆ ಎಷ್ಟನೇ ನಂಬರಿನದು.. ಮಾತೆಲ್ಲ ಇದರದ್ದೇ. ಕೈಯಲ್ಲಿ ಹಿಡಿಯುವ ಆ ಒಂದಡಿ ಜಾಗದ ಬಗ್ಗೆ ಯಾರೂ ಮಾತಾಡುವುದಿಲ್ಲ. ಸರಿ ಇರುವಷ್ಟು ದಿನ ಅದು ಇದೆ ಎಂಬುದೇ ಗೊತ್ತಾಗುವುದಿಲ್ಲ. ಹಾಳಾದ ಮೇಲೆ ಅಂಗಡಿಗೆ ತೆಗೆದುಕೊಂಡು ಹೋದರೆ ಸಿಗುವುದು ಒಂದೇ ಉತ್ತರ: "ಹೊಸ ರಾಡ್ ತೆಗೊಳ್ಳಿ ಮಾರಾಯ್ರೆ, ಇದನ್ನೆಲ್ಲ ಯಾರು ರಿಪೇರಿ ಮಾಡ್ತಾರೆ?"

ನಾವು ಮಾಡಿದೆವು. ಮೂರು ದಿನದ ಕೆಲಸ, ಅದರಲ್ಲಿ ಎರಡು ದಿನ ಅಂಟು ಗಟ್ಟಿಯಾಗಲಿ ಅಂತ ಸುಮ್ಮನೆ ಕೂತದ್ದು. ಹೇಗೆ ಮಾಡಿದೆವು, ಯಾಕೆ ಮಾಡಬೇಕಾಯಿತು ಎರಡನ್ನೂ ಇಲ್ಲಿ ಬರೆದಿಡುತ್ತೇವೆ. ಹೊಳೆ ಬದಿಯಲ್ಲಿ ಗಾಳ ಹಾಕುವ ಕನ್ನಡದವರು ನಮ್ಮ ಕಡೆ ಬೇಕಾದಷ್ಟು ಜನ ಇದ್ದಾರೆ. ಅವರಲ್ಲಿ ಯಾರಿಗಾದರೂ ಉಪಯೋಗಕ್ಕೆ ಬಂದೀತು.

ನಾವು ಅಂದರೆ ಅಣ್ಣ ತಮ್ಮ ಇಬ್ಬರು. ಒಬ್ಬರು ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಯಲ್ಲಿ ಪಾಠ ಮಾಡುವವರು, ಇನ್ನೊಬ್ಬರು ಅಡಿಕೆ ತೋಟ ನೋಡಿಕೊಂಡಿರುವವರು. ಕೋಲು ನಮ್ಮದಲ್ಲ, ದೊಡ್ಡಪ್ಪನದ್ದು.

ಮೊದಲು ಹೆಸರಿನ ವಿಷಯ ಮುಗಿಸೋಣ. ಅಂಗಡಿಯಲ್ಲಿ ಇದಕ್ಕೆ ಗ್ರಿಪ್ ಅನ್ನುತ್ತಾರೆ. ನಮಗೆ ಹಿಡಿ ಅನ್ನುವ ಶಬ್ದವೇ ಸಾಕು. ಕತ್ತಿಗೆ ಹಿಡಿ, ಕೊಡೆಗೆ ಹಿಡಿ, ಅಂಗಳ ಗುಡಿಸುವ ಹಿಡಿಸೂಡಿಯಲ್ಲೂ ಹಿಡಿ. ಕೊಡಲಿ, ಪಿಕ್ಕಾಸಿಗಾದರೆ ಕಾವು ಅನ್ನುತ್ತೇವೆ. ಆದರೆ ಕಾವು ಅಂದರೆ ಇಡೀ ಮರದ ದಂಡ, ಹಿಡಿ ಅಂದರೆ ಕೈ ಕೂರುವ ಜಾಗ. ಹಳಗನ್ನಡದಲ್ಲಿ ಇದು ಪಿಡಿ. ಕನ್ನಡದಲ್ಲಿ ಪಕಾರ ಹೋಗಿ ಹಕಾರ ಬಂತು, ಮಲಯಾಳದಲ್ಲಿ ಇವತ್ತಿಗೂ ಪಿಡಿಯೇ. ಹಾಗಾಗಿ ನಮ್ಮ ಮಕ್ಕಳಿಗೆ ಹಳಗನ್ನಡದ ಪಿಡಿಯನ್ನು ವಿವರಿಸುವ ಕಷ್ಟ ಇಲ್ಲ. ಬಸ್ಸಿನಲ್ಲಿ ಕಂಡಕ್ಟರ್ "ಪಿಡಿಚ್ಚೋ" ಅನ್ನುವುದನ್ನು ಕೇಳಿಕೊಂಡೇ ಅವರು ಶಾಲೆಗೆ ಬರುವುದು!

ಇನ್ನು ಕೋಲಿನ ವಿಷಯ. ಏಳು ಅಡಿ ಉದ್ದ, ಎರಡು ತುಂಡು. ದೊಡ್ಡಪ್ಪನ ಮಗ 1996ರಲ್ಲಿ ಗಲ್ಫಿನಿಂದ ಬರುವಾಗ ತಂದದ್ದು. ಅದಕ್ಕೆ ಮೊದಲು ದೊಡ್ಡಪ್ಪನ ಹತ್ತಿರ ಇದ್ದದ್ದು ಬಿದಿರಿನ ಕೋಲು, ರೀಲ್ ಇಲ್ಲದ್ದು. ಆ ಕಾಲದಲ್ಲಿ ಗಲ್ಫ್ ಪೆಟ್ಟಿಗೆ ಅಂದರೆ ಟಾರ್ಚ್, ಸೆಂಟ್, ಸೀರೆ, ಹಾಲಿನ ಪುಡಿ.. ಅದರ ನಡುವೆ ಇದೊಂದು ಉದ್ದದ ಚೀಲ ಬಂದದ್ದನ್ನು ನೋಡಲಿಕ್ಕೆ ಅಕ್ಕಪಕ್ಕದವರೆಲ್ಲ ಬಂದಿದ್ದರು. ಕೋಲಿನ ದಂಡ ಕಾರ್ಬನ್ ನಾರಿನದ್ದು, ಹಿಡಿ ಬೆಂಡಿನದ್ದು. ಬೆಂಡು ಅಂದರೆ ಬಾಟಲಿಯ ಬಿರಡೆಗೆ ಹಾಕುತ್ತಾರಲ್ಲ, ಅದೇ ಕಾರ್ಕ್.

ಬೆಂಡಿನ ಹಿಡಿ ಬಹಳ ಒಳ್ಳೆಯದು. ಮೆಡಿಟರೇನಿಯನ್ ಕಡೆಯ ಒಂದು ಜಾತಿಯ ಓಕ್ ಮರದ ತೊಗಟೆ ಅದು. ಪ್ರಪಂಚದ ಬೆಂಡಿನಲ್ಲಿ ಅರ್ಧದಷ್ಟು ಪೋರ್ಚುಗಲ್ ದೇಶದಿಂದಲೇ ಬರುತ್ತದೆ. ಮರಕ್ಕೆ ಸುಮಾರು 25 ವರ್ಷ ಆದ ಮೇಲೆ ಮೊದಲ ಸಲ ತೊಗಟೆ ಸುಲಿಯುತ್ತಾರೆ, ಆಮೇಲೆ 9 ವರ್ಷಕ್ಕೊಮ್ಮೆ. ನಮ್ಮ ರಬ್ಬರ್ ಮರದ ಹಾಗೆ ಮರ ಸಾಯುವುದಿಲ್ಲ, ತೊಗಟೆ ಪುನಃ ಬೆಳೆಯುತ್ತದೆ. ತುಂಬಾ ಹಗುರ, ನೀರು ಕುಡಿಯುವುದಿಲ್ಲ, ಒದ್ದೆ ಕೈಯಲ್ಲಿ ಜಾರುವುದಿಲ್ಲ. ಆದರೆ ತೊಗಟೆ ತೊಗಟೆಯೇ. ಅದರಲ್ಲಿರುವ ಸಣ್ಣ ಸಣ್ಣ ಕುಳಿಗಳಿಗೆ ಪುಟ್ಟಿ ತುಂಬಿರುತ್ತಾರೆ. ವರ್ಷ ಕಳೆದ ಹಾಗೆ ಪುಟ್ಟಿ ಉದುರುತ್ತದೆ, ಅಂಚು ಒಡೆಯುತ್ತದೆ, ಹೆಬ್ಬೆರಳು ಒತ್ತುವಲ್ಲಿ ತಗ್ಗು ಬೀಳುತ್ತದೆ. ದೊಡ್ಡಪ್ಪನ ಕೋಲಿನಲ್ಲಿ ಇದೆಲ್ಲ ಆಗಿತ್ತು. ಕೆಳಗಿನ ಎರಡು ಬಿಲ್ಲೆಗಳು ಅಂಟು ಬಿಟ್ಟು ಬಳೆಯ ಹಾಗೆ ತಿರುಗುತ್ತಿದ್ದವು.

ಆದರೆ ಬರೀ ಇಷ್ಟೇ ಆಗಿದ್ದರೆ ಟೇಪ್ ಸುತ್ತಿ ಮುಗಿಸುತ್ತಿದ್ದೆವೋ ಏನೋ. ಹಾಳಾದದ್ದು ಹಿಡಿ ಮಾತ್ರ ಅಲ್ಲ, ಹಿಡಿಯುವ ಕೈ ಕೂಡ.

ದೊಡ್ಡಪ್ಪನಿಗೆ ಎಪ್ಪತ್ತೆಂಟು. ಎರಡು ವರ್ಷದಿಂದ ಬಲಗೈಯ ಹೆಬ್ಬೆರಳ ಬುಡದಲ್ಲಿ ನೋವು. ಕೀಲು ಸವೆದಿದೆ ಅಂತ ಡಾಕ್ಟರ್ ಹೇಳಿದ್ದಾರೆ. ಚಾವಿ ತಿರುಗಿಸಲಿಕ್ಕೆ, ಬಾಟಲಿ ಮುಚ್ಚಳ ತೆಗೆಯಲಿಕ್ಕೆ, ಅಂಗಿಯ ಗುಬ್ಬಿ ಹಾಕಲಿಕ್ಕೆ, ಎಲ್ಲದಕ್ಕೂ ಕಷ್ಟ. ಇಂಥ ಕೈಯಲ್ಲಿ ಕೋಲು ಬೀಸುವುದು ಎಲ್ಲಿಂದ? ಹೊಳೆಗೆ ಹೋಗುವುದನ್ನು ಬಿಟ್ಟರು. ಚಂದ್ರಗಿರಿ ಹೊಳೆಯ ಬದಿಯಲ್ಲಿ ಅವರು ಕೂರುವ ಕಲ್ಲಿನ ಮೇಲೆ ಈಗ ಬೇರೆ ಹುಡುಗರು ಕೂರುತ್ತಾರೆ. ದೊಡ್ಡಪ್ಪ ಜಗಲಿಯಲ್ಲಿ ಕೂತು ಪೇಪರ್ ಓದುತ್ತಾರೆ, ಓದಿದ್ದನ್ನೇ ಪುನಃ ಓದುತ್ತಾರೆ. ಮಧ್ಯಾಹ್ನದ ಮೇಲೆ ಮಾತೂ ಕಮ್ಮಿ.

ಅವರು ಹೊಳೆಗೆ ಹೋಗುತ್ತಿದ್ದದ್ದು ಮೀನಿನ ಆಸೆಗೆ ಮಾತ್ರ ಅಂತ ಹೇಳಲಿಕ್ಕಾಗುವುದಿಲ್ಲ. ಮಳೆಗಾಲದ ಟ್ರಾಲಿಂಗ್ ನಿಷೇಧದ 52 ದಿನ ಪೇಟೆಯಲ್ಲಿ ಮೀನಿಗೆ ಚಿನ್ನದ ಬೆಲೆ ಬಂದಾಗ ಅವರು ತಂದ ನಾಲ್ಕು ಕರಿಮೀನಿಗೆ ಮನೆಯಲ್ಲಿ ಮರ್ಯಾದೆ ಇತ್ತು, ಅದು ನಿಜ. (ಈ ಕರಿಮೀನನ್ನೇ ಕೇರಳ ಸರಕಾರ 2010ರಲ್ಲಿ ರಾಜ್ಯದ ಮೀನು ಅಂತ ಘೋಷಿಸಿದ್ದು.) ಆದರೆ ಮೀನು ಸಿಗದ ದಿನವೂ ಅವರು ಅಷ್ಟೇ ಖುಷಿಯಲ್ಲಿ ಬರುತ್ತಿದ್ದರು. ಭರತ ಎಷ್ಟು ಗಂಟೆಗೆ, ಇಳಿತ ಎಷ್ಟು ಗಂಟೆಗೆ ಅಂತ ದಿನದ ಲೆಕ್ಕ ಇತ್ತು. ಆ ಲೆಕ್ಕ ಹೋದ ಮೇಲೆ ದಿನಕ್ಕೆ ಆಕಾರವೇ ಇಲ್ಲದ ಹಾಗೆ ಆಗಿತ್ತು.

ಗಲ್ಫಿನಿಂದ ಅಣ್ಣ ಫೋನ್ ಮಾಡಿದಾಗ "ಅಪ್ಪ, ಹೊಸದು ಹಗುರದ್ದು ಕಳಿಸ್ತೇನೆ" ಅಂದ. ದೊಡ್ಡಪ್ಪ "ಬೇಡ ಮಗ, ಕೋಲು ಹಗುರವೇ ಉಂಟು, ಕೈಯೇ ಭಾರ ಆದದ್ದು" ಅಂದರು. ಆ ಮಾತು ನಮ್ಮ ತಲೆಯಲ್ಲಿ ಕೂತಿತು. ಹೊಸ ಕೋಲು ಬಂದರೂ ಅದರ ಹಿಡಿ ಇಷ್ಟೇ ತೆಳ್ಳಗೆ ಇರುತ್ತದೆ. ಗಟ್ಟಿ ಕೈಯವರಿಗೆ ಅಂತ ಮಾಡಿದ್ದು ಅದು.

ಕೀಲುನೋವಿನವರ ಚಮಚಕ್ಕೆ, ಪೆನ್ನಿಗೆ ದಪ್ಪದ ಫೋಮಿನ ಕೊಳವೆ ಹಾಕಿಕೊಡುವುದನ್ನು ನೀವು ಆಸ್ಪತ್ರೆಯಲ್ಲಿ ನೋಡಿರಬಹುದು. ಅದರ ಲೆಕ್ಕ ಸುಲಭದ್ದು. ತೆಳ್ಳಗಿನ ವಸ್ತುವನ್ನು ಹಿಡಿಯಬೇಕಾದರೆ ಬೆರಳುಗಳನ್ನು ಪೂರ್ತಿ ಮಡಚಿ ಹೆಬ್ಬೆರಳಿನಿಂದ ಒತ್ತಬೇಕು. ಬೆರಳ ತುದಿಯಲ್ಲಿ ಒತ್ತಿದ ಬಲ ಹೆಬ್ಬೆರಳ ಬುಡದ ಕೀಲಿಗೆ ಹೋಗುವಾಗ ಹಲವು ಪಟ್ಟು ಆಗುತ್ತದೆ. ಹಿಡಿ ಸ್ವಲ್ಪ ದಪ್ಪ, ಸ್ವಲ್ಪ ಮೆತ್ತಗೆ ಇದ್ದರೆ ಭಾರ ಇಡೀ ಅಂಗೈಗೆ ಹಂಚಿಹೋಗುತ್ತದೆ, ಒತ್ತುವುದು ಕಡಿಮೆ ಸಾಕು. ಚಮಚಕ್ಕೆ ಆಗುವುದಾದರೆ ಗಾಳದ ಕೋಲಿಗೆ ಯಾಕೆ ಆಗಬಾರದು?

ಹಾಗಂತ ಎಷ್ಟು ದಪ್ಪ ಮಾಡಿದರೂ ಆಗುತ್ತದೆ ಅಂತ ಇಲ್ಲ. ತೀರ ದಪ್ಪವಾದರೆ ಬೆರಳುಗಳು ಸುತ್ತಿ ಬರುವುದಿಲ್ಲ, ಆಗ ಇನ್ನೂ ಜೋರಾಗಿ ಹಿಡಿಯಬೇಕಾಗುತ್ತದೆ. ಆದ್ದರಿಂದ ಸಾಮಾನು ತರಿಸುವ ಮೊದಲು ಅಳತೆ ನೋಡಿದೆವು. ಹಳೆಯ ಲುಂಗಿಯನ್ನು ಎರಡು ಬೆರಳು ಅಗಲದ ಪಟ್ಟಿಗಳಾಗಿ ಹರಿದು ಹಿಡಿಯ ಮೇಲೆ ಬಿಗಿಯಾಗಿ ಸುತ್ತಿದೆವು. ಒಮ್ಮೆ 28 ಮಿ.ಮೀ. ವ್ಯಾಸ, ಒಮ್ಮೆ 32, ಒಮ್ಮೆ 36. ವ್ಯಾಸ ಅಳೆಯಲಿಕ್ಕೆ ವರ್ನಿಯರ್ ಬೇಕಾಗಿಲ್ಲ. ನೂಲು ಒಂದು ಸುತ್ತು ಸುತ್ತಿ, ಆ ನೂಲನ್ನು ಸ್ಕೇಲಿನ ಮೇಲೆ ಇಟ್ಟು, ಬಂದ ಉದ್ದವನ್ನು 3.14ರಿಂದ ಭಾಗಿಸಿದರೆ ಆಯಿತು. ಸುತ್ತಳತೆ 88 ಬಂದರೆ ವ್ಯಾಸ 28, 100 ಬಂದರೆ ಸುಮಾರು 32, 113 ಬಂದರೆ 36. ಮರುದಿನ ಕ್ಲಾಸಿನಲ್ಲಿ ಪರಿಧಿ, ವ್ಯಾಸದ ಪಾಠಕ್ಕೂ ಇದೇ ನೂಲು ಹೋಯಿತು. ಮಕ್ಕಳು ತಮ್ಮ ತಮ್ಮ ಕೊಡೆಯ ಹಿಡಿಯಿಂದ ಹಿಡಿದು ಕಿಟಕಿಯ ಸರಳಿನ ತನಕ ಎಲ್ಲವನ್ನೂ ಅಳೆದರು.

ದೊಡ್ಡಪ್ಪನಿಗೆ ಮೂರನ್ನೂ ಕಣ್ಣು ಮುಚ್ಚಿ ಹಿಡಿಯಲಿಕ್ಕೆ ಹೇಳಿದೆವು. 28 ಹಿಡಿದು "ಇದು ಮೊದಲಿನ ಹಾಗೆಯೇ" ಅಂದರು. 36 ಹಿಡಿದು "ಇದೆಂತ ಒನಕೆಯಾ?" ಅಂದರು. 32 ಹಿಡಿದಾಗ ಏನೂ ಹೇಳಲಿಲ್ಲ, ಕೋಲನ್ನು ಮೆಲ್ಲ ಮೇಲೆ ಎತ್ತಿ ಕೆಳಗೆ ಬಿಟ್ಟರು, ಪುನಃ ಎತ್ತಿದರು. ಹೆಬ್ಬೆರಳ ತುದಿ ನಡುಬೆರಳ ತುದಿಗೆ ತಾಗಿಯೂ ತಾಗದ ಹಾಗೆ ಇತ್ತು. ಅಳತೆ ಸಿಕ್ಕಿತು. ನಿಮ್ಮ ಕೈಗೆ ನೋಡುವಾಗಲೂ ಇದೇ ಗುರುತು ಇಟ್ಟುಕೊಳ್ಳಬಹುದು.

ಇನ್ನು ಸಾಮಾನು. ಬೆಂಡಿನ ಬಿಲ್ಲೆಗಳನ್ನು ತರಿಸಿ ಒಂದರ ಮೇಲೆ ಒಂದು ಅಂಟಿಸಿ ಉಜ್ಜಿ ಹಿಡಿ ಮಾಡಬಹುದು. ಚಂದ ಕಾಣುತ್ತದೆ, ಆದರೆ ಕೆಲಸ ಜಾಸ್ತಿ, ಮತ್ತೆ ಅಷ್ಟು ಮೆತ್ತಗೆ ಇರುವುದಿಲ್ಲ. ನಾವು ತೆಗೆದುಕೊಂಡದ್ದು ಇ.ವಿ.ಎ. ಫೋಮಿನ ಹಿಡಿ. ಎಥಿಲೀನ್ ವಿನೈಲ್ ಅಸಿಟೇಟ್ ಅಂತ ಉದ್ದದ ಹೆಸರು, ನಮ್ಮ ಚಪ್ಪಲಿಯ ಅಟ್ಟೆಗೆ ಬರುವ ವಸ್ತುವೇ. ಒಳಗಿನ ಗಾಳಿಗುಳ್ಳೆಗಳು ಮುಚ್ಚಿಕೊಂಡೇ ಇರುವುದರಿಂದ ನೀರು ಹೀರುವುದಿಲ್ಲ. ಕೊಳವೆಯ ಹಾಗೆ ನಡುವೆ ತೂತು ಇರುವ ಉದ್ದದ ತುಂಡು ಸಿಗುತ್ತದೆ. ಹೊರಗಿನ ವ್ಯಾಸ 32, ಉದ್ದ 40 ಸೆಂ.ಮೀ. ಇರುವಂಥದ್ದನ್ನು ಪಾರ್ಸೆಲ್ ತರಿಸಿದೆವು. ನಮಗೆ ಬೇಕಾದದ್ದು 30 ಮಾತ್ರ.

ತರಿಸುವಾಗ ನೋಡಬೇಕಾದ ಮುಖ್ಯ ವಿಷಯ ಒಳಗಿನ ತೂತಿನ ಅಳತೆ. ನಮ್ಮ ಕೋಲಿನ ದಂಡದ ಸುತ್ತಳತೆ ಬುಡದಲ್ಲಿ 41 ಮಿ.ಮೀ., ಅಂದರೆ ವ್ಯಾಸ 13. ಫೋಮಿನ ತೂತು ಇದಕ್ಕಿಂತ ಒಂದೆರಡು ಮಿ.ಮೀ. ಸಣ್ಣ ಇರಬೇಕು, ಹಿಗ್ಗಿ ಬಿಗಿಯಾಗಿ ಕೂರುತ್ತದೆ. ನಾವು 11ರದ್ದು ತೆಗೆದುಕೊಂಡೆವು. ಬೆಂಡಿಗೆ ಈ ಲೆಕ್ಕ ಆಗುವುದಿಲ್ಲ, ಅದು ಹಿಗ್ಗುವುದಿಲ್ಲ, ಒಡೆಯುತ್ತದೆ. ಬೆಂಡನ್ನು ದಂಡದ ಅಳತೆಗೆ ಸರಿಯಾಗಿ ಒಳಗಿನಿಂದ ಉಜ್ಜಬೇಕು. ಉರುಟು ಕೋಲಿಗೆ ಸ್ಯಾಂಡ್ ಪೇಪರ್ ಸುತ್ತಿ ಅಂಟಿಸಿಕೊಂಡರೆ ಉಜ್ಜಲಿಕ್ಕೆ ಅದೇ ಅರ.

ಇನ್ನೊಂದು ಮಾತು. ಕೋಲಿಗೆ ಎರಡು ಹಿಡಿ ಇರುತ್ತದೆ. ರೀಲ್ ಕೂರುವ ಜಾಗದಿಂದ ಕೆಳಗೆ ಬುಡದ ಹಿಡಿ, ಮೇಲೆ ಒಂದು ಗಿಡ್ಡ ಹಿಡಿ. ಬುಡದ ಹಿಡಿಯನ್ನು ಕೆಳಗಿನಿಂದ ತೂರಿಸಬಹುದು. ಮೇಲಿನದ್ದನ್ನು ತೂರಿಸಬೇಕಾದರೆ ತುದಿಯಿಂದಲೇ ಬರಬೇಕು, ನಡುವೆ ದಾರ ಹೋಗುವ ಬಳೆಗಳು ಅಡ್ಡ ಬರುತ್ತವೆ. ಅವುಗಳನ್ನೆಲ್ಲ ಕಿತ್ತು ಪುನಃ ಕಟ್ಟುವುದು ಬೇರೆಯೇ ದೊಡ್ಡ ಕೆಲಸ. ಮೇಲಿನ ಹಿಡಿ ಹೋಗಿದ್ದರೆ ಸೈಕಲ್ ಟ್ಯೂಬಿನ ಪಟ್ಟಿಯನ್ನೋ, ಶಟ್ಲ್ ಬ್ಯಾಟಿಗೆ ಸುತ್ತುವ ಟೇಪನ್ನೋ ಸುತ್ತುವುದು ಸುಲಭ. ನಮ್ಮದರಲ್ಲಿ ಮೇಲಿನದ್ದು ಗಟ್ಟಿ ಇತ್ತು, ಅದನ್ನು ಮುಟ್ಟಲಿಲ್ಲ.

ಹಳೆಯ ಹಿಡಿ ತೆಗೆಯುವ ದಿನ ನಮಗೆ ಸ್ವಲ್ಪ ಅಳುಕು ಇತ್ತು. ಕೆಲಸದ ಅಳುಕು ಅಲ್ಲ. ಆ ಬೆಂಡಿನ ಮೇಲೆ ಹೆಬ್ಬೆರಳು ಒತ್ತಿ ಒತ್ತಿ ಬಿದ್ದ ತಗ್ಗು ಇತ್ತಲ್ಲ, ಉಳಿದ ಕಡೆ 25 ಮಿ.ಮೀ. ಇದ್ದದ್ದು ಅಲ್ಲಿ 22 ಆಗಿತ್ತು. ಎಷ್ಟೋ ವರ್ಷ ಹೊಳೆ ಬದಿಯಲ್ಲಿ ಕೂತದ್ದರ ಗುರುತು ಅದು. ನಾವು ಸಣ್ಣವರಿದ್ದಾಗ ಆ ತಗ್ಗಿನಲ್ಲಿ ನಮ್ಮ ಹೆಬ್ಬೆರಳು ಇಟ್ಟು ನೋಡುತ್ತಿದ್ದೆವು. ಅದನ್ನು ಕೆತ್ತಿ ತೆಗೆಯುವುದೆಂದರೆ! ಬೇಕಾದರೆ ಅದರ ಮೇಲಿಂದಲೇ ಏನಾದರೂ ಸುತ್ತಿಬಿಡೋಣವಾ ಅಂತ ದೊಡ್ಡಪ್ಪನನ್ನು ಕೇಳಿದೆವು. ಅವರು ಕೈ ನೋಡಿಕೊಂಡರು. "ಎಂತಕೆ ಮಾರಾಯ? ಈಗ ನನ್ನ ಹೆಬ್ಬೆಟ್ಟು ಅಲ್ಲಿಗೆ ಹೋಗುವುದೇ ಇಲ್ಲ. ಅದು ಆ ಕೈಯದ್ದು, ಇದಕ್ಕೆ ಬೇರೆ ಮಾಡಿ" ಅಂದರು.

ಮತ್ತೆ ತಡ ಮಾಡಲಿಲ್ಲ. ಬುಡದ ರಬ್ಬರ್ ಮುಚ್ಚಳವನ್ನು ಬಿಸಿನೀರಿನಲ್ಲಿ ಹತ್ತು ನಿಮಿಷ ಅದ್ದಿ ಇಟ್ಟೆವು, ಅಂಟು ಮೆತ್ತಗಾಗಿ ತಿರುಚಿದಾಗ ಬಂತು. ಬೆಂಕಿ ತೋರಿಸಲೇಬಾರದು, ಕಾರ್ಬನ್ ನಾರನ್ನು ಹಿಡಿದಿಡುವ ರಾಳ ಹಾಳಾಗುತ್ತದೆ. ಆಮೇಲೆ ಬೆಂಡನ್ನು ಉದ್ದಕ್ಕೆ ಸೀಳಿ ಚಕ್ಕೆ ಚಕ್ಕೆಯಾಗಿ ತೆಗೆದೆವು. ಇಲ್ಲಿ ಅವಸರ ಕೂಡದು. ಚೂರಿಯ ಅಲಗು ಕೈಯಿಂದ ಆಚೆ ಹೋಗುವ ಹಾಗೆ ಇರಬೇಕು, ಮತ್ತೆ ದಂಡಕ್ಕೆ ತಾಗಲೇಬಾರದು. ಕಾರ್ಬನ್ ದಂಡದ ಮೇಲೆ ಬಿದ್ದ ಒಂದು ಸಣ್ಣ ಗೀರು ಇವತ್ತು ಏನೂ ಮಾಡುವುದಿಲ್ಲ, ದೊಡ್ಡ ಮೀನು ಎಳೆದ ದಿನ ಅಲ್ಲಿಂದಲೇ ಮುರಿಯುತ್ತದೆ. ಕೊನೆಯ ತೆಳು ಪದರವನ್ನು ಚೂರಿಯಿಂದ ತೆಗೆಯದೆ ಸ್ಯಾಂಡ್ ಪೇಪರಿನಿಂದ ಉಜ್ಜಿ ತೆಗೆದೆವು. ಹೊಳಪು ಹೋಗುವಷ್ಟು ಮಾತ್ರ ಉಜ್ಜಿದರೆ ಸಾಕು, ಅಂಟು ಹಿಡಿಯುತ್ತದೆ. ಉಜ್ಜುವಾಗ ನೀರು ಹಾಕಿಕೊಂಡು ಉಜ್ಜಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಕಾರ್ಬನ್ ಧೂಳು ಒಳ್ಳೆಯದಲ್ಲ. ಕೊನೆಗೆ ಸ್ಪಿರಿಟಿನಲ್ಲಿ ಒರೆಸಿ ಒಣಗಿಸಿದೆವು.

ಅಂಟು ಯಾವುದು? ಮರಕ್ಕೆ ಹಾಕುವ ಫೆವಿಕಾಲ್ ಇಲ್ಲಿ ಆಗುವುದಿಲ್ಲ. ಅದು ನೀರು ಆರಿ ಗಟ್ಟಿಯಾಗುವಂಥದ್ದು, ನೀರು ಹೋಗದ ಫೋಮಿನ ಒಳಗೆ ಅದು ಆರುವುದು ಯಾವಾಗ? ಎರಡು ಟ್ಯೂಬ್ ಕಲಸಿ ಹಾಕುವ ಅರಾಲ್ಡೈಟಿನಂಥ ಎಪಾಕ್ಸಿ ಬೇಕು. ಅದು ಆರುವುದಲ್ಲ, ಎರಡು ದ್ರವಗಳು ಒಂದಕ್ಕೊಂದು ಸೇರಿ ಗಟ್ಟಿಯಾಗುವುದು, ಗಾಳಿ ಬೇಕಾಗಿಲ್ಲ. ಅದರಲ್ಲಿ ಐದು ನಿಮಿಷದ್ದು ಅಂತ ಒಂದು ಬರುತ್ತದೆ, ಅದು ಬೇಡ. ಹಿಡಿ ಅರ್ಧ ಹೋಗುವಷ್ಟರಲ್ಲಿ ಹಿಡಿದುಕೊಂಡರೆ ಮೇಲೂ ಇಲ್ಲ ಕೆಳಗೂ ಇಲ್ಲ. ನಿಧಾನದ್ದೇ ಒಳ್ಳೆಯದು. ಎರಡನ್ನೂ ಪ್ಯಾಕೆಟ್ಟಿನ ಮೇಲೆ ಹೇಳಿದ ಪ್ರಮಾಣದಲ್ಲೇ ಕಲಸಬೇಕು. ಬೇಗ ಗಟ್ಟಿಯಾಗಲಿ ಅಂತ ಒಂದನ್ನು ಜಾಸ್ತಿ ಹಾಕಿದರೆ ಅದು ಯಾವತ್ತೂ ಸರಿ ಗಟ್ಟಿಯಾಗುವುದಿಲ್ಲ.

ಫೋಮನ್ನು 30 ಸೆಂ.ಮೀ.ಗೆ ಕತ್ತರಿಸಿ, ರೀಲ್ ಜಾಗಕ್ಕೆ ಅಂಟು ಮೆತ್ತದ ಹಾಗೆ ಕಾಗದದ ಟೇಪ್ ಸುತ್ತಿ, ದಂಡಕ್ಕೆ ಅಂಟು ತೆಳ್ಳಗೆ ಸವರಿದೆವು. ಅಂಟು ಹಸಿ ಇರುವಾಗ ಎಣ್ಣೆಯ ಹಾಗೆ ಜಾರುತ್ತದೆ, ಅದೇ ಸಹಾಯ. ಒಬ್ಬರು ದಂಡವನ್ನು ಬಟ್ಟೆಯಲ್ಲಿ ಸುತ್ತಿ ಗಟ್ಟಿ ಹಿಡಿದೆವು, ಇನ್ನೊಬ್ಬರು ಹಿಡಿಯನ್ನು ತಿರುಚುತ್ತಾ ತಿರುಚುತ್ತಾ ಒಂದೇ ಉಸಿರಿಗೆ ಮೇಲೆ ತಳ್ಳಿದೆವು. ನಡುವೆ ನಿಲ್ಲಿಸಬಾರದು. ರೀಲ್ ಜಾಗಕ್ಕೆ ಹೋಗಿ ತಾಗಿದ ಮೇಲೆ ಹೊರಗೆ ಬಂದ ಅಂಟನ್ನು ಸ್ಪಿರಿಟಿನ ಬಟ್ಟೆಯಲ್ಲಿ ಒರೆಸಿ, ಟೇಪ್ ಬಿಡಿಸಿ, ಗೋಡೆಗೆ ಒರಗಿಸಿ ಇಟ್ಟೆವು. ಕಾಗದದಲ್ಲಿ ಇಪ್ಪತ್ತನಾಲ್ಕು ಗಂಟೆ ಅಂತ ಇತ್ತು, ನಾವು ಎರಡು ದಿನ ಬಿಟ್ಟೆವು. ಚಳಿಗೆ ಎಪಾಕ್ಸಿ ನಿಧಾನ ಆಗುತ್ತದೆ.

ಬುಡದ ಮುಚ್ಚಳ ಪುನಃ ಹಾಕುವ ಮೊದಲು ಇನ್ನೊಂದು ಕೆಲಸ ಮಾಡಿದೆವು. ರೀಲ್ ಹಾಕಿದ ಕೋಲನ್ನು ಒಂದು ಬೆರಳ ಮೇಲೆ, ರೀಲಿನ ಕಾಲು ಇರುವಲ್ಲಿ ಇಟ್ಟು ತೂಗಿ ನೋಡಿ. ತುದಿ ಕೆಳಗೆ ಬಾಗಿದರೆ ಹಿಡಿದಷ್ಟು ಹೊತ್ತೂ ಮಣಿಕಟ್ಟು ಆ ಭಾರವನ್ನು ಎತ್ತಿ ಹಿಡಿಯಬೇಕು ಅಂತ ಅರ್ಥ. ನಮ್ಮದು ಬಾಗುತ್ತಿತ್ತು. ಮುಚ್ಚಳದ ಒಳಗೆ ಒಂದೊಂದಾಗಿ ಕಬ್ಬಿಣದ ವಾಶರ್ ಇಡುತ್ತಾ ಬಂದೆವು, ನಾಲ್ಕನೆಯದಕ್ಕೆ ಕೋಲು ತಕ್ಕಡಿಯ ಹಾಗೆ ಮಟ್ಟ ನಿಂತಿತು. ಭಾರ ಹಾಕಿದರೆ ಕೈಗೆ ಹಗುರ ಆಗುವುದು ಅಂದರೆ ಯಾರಿಗೂ ನಂಬಿಕೆ ಬರುವುದಿಲ್ಲ, ಹಿಡಿದು ನೋಡಿದರೆ ಗೊತ್ತಾಗುತ್ತದೆ.

ಮೂರನೇ ದಿನ ಸಂಜೆ, ಭರತ ಏರುವ ಹೊತ್ತಿಗೆ, ದೊಡ್ಡಪ್ಪನನ್ನು ಹೊಳೆಗೆ ಕರೆದುಕೊಂಡು ಹೋದೆವು. ಕೋಲನ್ನು ಎರಡು ತುಂಡು ಮಾಡಿಯೇ ತೆಗೆದುಕೊಂಡು ಹೋಗುವುದು ನಮ್ಮ ಅಭ್ಯಾಸ. ಕಾರ್ಬನ್ನಿನಲ್ಲಿ ಕರೆಂಟ್ ಹರಿಯುತ್ತದೆ. ದಾರಿಯ ಮೇಲಿನ ತಂತಿಗೆ ಏಳು ಅಡಿ ಕೋಲು ತಾಗಿದರೆ ಹಿಡಿ ಎಷ್ಟು ಚಂದ ಇದ್ದರೂ ಪ್ರಯೋಜನ ಇಲ್ಲ. ಮಕ್ಕಳಿಗೂ ಇದನ್ನು ಹೇಳಿಕೊಡಬೇಕು, ಗುಡುಗು ಇರುವಾಗ ಹೊಳೆ ಬದಿಯಲ್ಲಿ ಕೋಲು ಎತ್ತಿ ನಿಲ್ಲಬಾರದು ಅಂತಲೂ.

ಎಟ್ಟಿ ಸಿಕ್ಕಿಸಿದ ಕೊಕ್ಕೆಯನ್ನು ನಾವೇ ಕಟ್ಟಿಕೊಟ್ಟೆವು, ಆ ಸಣ್ಣ ಗಂಟು ಅವರಿಂದ ಈಗ ಆಗುವುದಿಲ್ಲ. ದೊಡ್ಡಪ್ಪ ಕೋಲು ತೆಗೆದುಕೊಂಡರು. ಮೊದಲಿನ ಹಾಗೆ ಒಂದೇ ಕೈಯಲ್ಲಿ ಬೀಸಲಿಲ್ಲ. ಬಲಗೈ ರೀಲಿನ ಹತ್ತಿರ, ಎಡಗೈ ಹಿಡಿಯ ಬುಡದಲ್ಲಿ ಇಟ್ಟು, ಹಿಡಿಯ ಕೊನೆಯನ್ನು ಮುಂಗೈಗೆ ಒತ್ತಿಕೊಂಡು ಬೀಸಿದರು. ಯಾರೂ ಹೇಳಿಕೊಟ್ಟದ್ದಲ್ಲ. ದಪ್ಪದ ಹಿಡಿ ಕೈಗೆ ಬಂದಾಗ ಕೈಯೇ ದಾರಿ ಹುಡುಕಿಕೊಂಡಿತು. ಮೊದಲಿನ ಅರ್ಧ ದೂರಕ್ಕೆ ಹೋಗಿ ಬಿತ್ತು. "ಸಾಕು, ಕರಿಮೀನಿಗೆ ದೂರ ಎಂತಕೆ, ಕಲ್ಲಿನ ಬುಡದಲ್ಲೇ ಇರುತ್ತದೆ" ಅಂದರು.

ಇಪ್ಪತ್ತು ನಿಮಿಷ ಹಿಡಿದರು. ನಾವು ವಾಚ್ ನೋಡುತ್ತಿದ್ದದ್ದು ಅವರಿಗೆ ಗೊತ್ತಾಗಬಾರದು ಅಂತ ಬೇರೆ ಬೇರೆ ಕಡೆ ನೋಡುತ್ತಿದ್ದೆವು. ಆಮೇಲೆ ಕೋಲನ್ನು ನಮ್ಮ ಕೈಗೆ ಕೊಟ್ಟು ಹೆಬ್ಬೆರಳ ಬುಡ ತಿಕ್ಕಿಕೊಂಡರು. ನೋವು ಹೋಗಿಲ್ಲ, ಹೋಗುವುದೂ ಇಲ್ಲ. ಸವೆದ ಕೀಲಿಗೆ ಫೋಮ್ ಮದ್ದಲ್ಲ. ಹತ್ತು ನಿಮಿಷ ಸುಧಾರಿಸಿ ಪುನಃ ಕೇಳಿ ತೆಗೆದುಕೊಂಡರು. ಆ ದಿನ ಮೀನು ಸಿಗಲಿಲ್ಲ. ಮನೆಗೆ ಬಂದವರೇ ಕ್ಯಾಲೆಂಡರ್ ಎದುರು ನಿಂತು ಅಮಾವಾಸ್ಯೆಗೆ ಎಷ್ಟು ದಿನ ಉಂಟು ಅಂತ ಎಣಿಸಿದರು. ಅಮಾವಾಸ್ಯೆ, ಹುಣ್ಣಿಮೆಯ ಸುತ್ತ ಭರತ ಜೋರಿರುತ್ತದಲ್ಲ! ದೊಡ್ಡಮ್ಮ ನಮ್ಮ ಮುಖ ನೋಡಿದರು. ಎರಡು ವರ್ಷದಿಂದ ಆ ಲೆಕ್ಕ ಮನೆಯಲ್ಲಿ ಕೇಳಿರಲಿಲ್ಲ.

ಈಗ ವಾರಕ್ಕೆ ಎರಡು ದಿನ ಹೋಗುತ್ತಾರೆ. ಒಬ್ಬರೇ ಹೋಗಲಿಕ್ಕಾಗುವುದಿಲ್ಲ, ನಮ್ಮಲ್ಲಿ ಒಬ್ಬರು ಜೊತೆಗೆ ಇರಬೇಕು, ಕೊಕ್ಕೆ ಕಟ್ಟಲಿಕ್ಕೆ. ನಮಗೂ ಅದರಿಂದ ನಷ್ಟ ಇಲ್ಲ.

ಇದೆಲ್ಲ ಮಾಡಿದ ಮೇಲೆ ಮನೆಯ ಸಾಮಾನುಗಳನ್ನು ನೋಡುವ ನಮ್ಮ ಕಣ್ಣು ಸ್ವಲ್ಪ ಬದಲಾಗಿದೆ. ವಯಸ್ಸಾದವರು ಒಂದು ಕೆಲಸವನ್ನು ಬಿಟ್ಟರು ಅಂದರೆ "ಅವರಿಗೆ ಇನ್ನು ಆಗುವುದಿಲ್ಲ" ಅಂತ ನಾವು ಬೇಗ ತೀರ್ಮಾನ ಮಾಡಿಬಿಡುತ್ತೇವೆ. ಕೆಲವು ಸಲ ಆಗದೆ ಇರುವುದು ಕೆಲಸ ಅಲ್ಲ, ಹಿಡಿ. ನಲವತ್ತು ವರ್ಷದ ಹಿಂದಿನ ಕೈಗೆ ಸರಿಯಾದ ಹಿಡಿಯನ್ನು ಇವತ್ತಿನ ಕೈಗೆ ಕೊಟ್ಟರೆ ಅದು ಎಲ್ಲಿ ಕೂರುತ್ತದೆ? ನಿಮ್ಮ ಮನೆಯಲ್ಲೂ ಊರುಗೋಲು, ಕತ್ತಿ, ಕೊಡೆ, ನೀರೆಳೆಯುವ ಹಗ್ಗ ಏನಾದರೂ ಮೂಲೆ ಸೇರಿದ್ದರೆ ಒಮ್ಮೆ ಹಳೆಯ ಬಟ್ಟೆ ಸುತ್ತಿ ಅವರ ಕೈಗೆ ಕೊಟ್ಟು ನೋಡಿ. ಖರ್ಚು ಏನೂ ಇಲ್ಲ. ಸರಿ ಹೋಗುತ್ತದೋ ಇಲ್ಲವೋ ಕೈಯೇ ಹೇಳುತ್ತದೆ.

40 ಸೆಂ.ಮೀ.ಯಲ್ಲಿ 30 ಬಳಸಿದ್ದು, ಉಳಿದ ಹತ್ತು ಸೆಂ.ಮೀ. ಫೋಮ್ ಕಪಾಟಿನಲ್ಲಿ ಇತ್ತು. ಮೊನ್ನೆ ದೊಡ್ಡಮ್ಮ ಅದನ್ನು ತೆಗೆದುಕೊಂಡು ಬಂದು "ಇದನ್ನು ನನ್ನ ತರಕಾರಿ ಚೂರಿಗೆ ಹಾಕಿಕೊಡ್ತೀರಾ? ಸುಮಾರು ಸಮಯದಿಂದ ಕೈ ಜೋಮು ಹಿಡಿಯುತ್ತದೆ" ಅಂದರು. ಅವರ ಕೈಗೂ ಹಾಗೆ ಆಗುತ್ತದೆ ಅಂತ ಅವರು ಇಷ್ಟರ ತನಕ ಹೇಳಿರಲಿಲ್ಲ. ಚೂರಿಯ ಹಿಡಿ ಎರಡು ಬದಿ ಚಪ್ಪಟೆ, ತೂತನ್ನು ಸ್ವಲ್ಪ ಉಜ್ಜಬೇಕಾದೀತು. ಅಳತೆಗೆ ನೂಲು ತೆಗೆದು ಇಟ್ಟಿದ್ದೇವೆ. ಈ ಭಾನುವಾರ ಆ ಕೆಲಸ.